ಬಯಲ ಸಂಗೀತ, ಡೇರೆಯ ಮಕ್ಕಳು

ಸಂಗೀತದ ಸಭೆಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬಹುದೆ ಎಂಬ ಪ್ರಶ್ನೆ ತೀರ ಸಣ್ಣದೆಂದು ತೋರಬಹುದು. ಆದರೆ ಈ ಪ್ರಶ್ನೆಗೆ ಒಂದು ಸಮಾಜ ಕೊಡುವ ಉತ್ತರದಲ್ಲಿ, ಅದು ಸಂಗೀತವನ್ನು ಏನೆಂದು ತಿಳಿದಿದೆ, ಮಕ್ಕಳನ್ನು ಏನೆಂದು ತಿಳಿದಿದೆ ಎಂಬುದೆರಡೂ ಅಡಗಿರುತ್ತವೆ. ನಮ್ಮ ಪಟ್ಟಣಗಳ ಎಷ್ಟೋ ಆಮಂತ್ರಣ ಪತ್ರಿಕೆಗಳ ಕೆಳಗೆ ‘ದಯವಿಟ್ಟು ಚಿಕ್ಕ ಮಕ್ಕಳನ್ನು ಕರೆತರಬೇಡಿ’ ಎಂಬ ಸಾಲೊಂದು ಇರುತ್ತದೆ. ಆ ಸಾಲನ್ನು ಅಚ್ಚು ಹಾಕಿಸಿದವರ ಕಷ್ಟ ನನಗೆ ತಿಳಿಯದ್ದಲ್ಲ. ಆಲಾಪ ಮಂದ್ರದಲ್ಲಿ ನಿಂತಿರುವಾಗ ಕೂಸೊಂದು ಕಿರುಚಿಕೊಂಡರೆ ಗಾಯಕನ ಮನಸ್ಸೂ ಕೇಳುವವರ ಮನಸ್ಸೂ ಚೆದುರುತ್ತವೆ. ಆದರೂ ಆ ಸಾಲಿನ ಫಲವಾಗಿ ನಮ್ಮ ಹುಡುಗ ಹುಡುಗಿಯರು ಒಬ್ಬ ಗಾಯಕನನ್ನು ಎದುರಿಗೆ ಕುಳಿತು ಕೇಳದೆಯೇ ಬೆಳೆದುಬಿಡುತ್ತಾರೆ. ಆ ನಷ್ಟದ ಲೆಕ್ಕವನ್ನು ಯಾರು ಇಡಬೇಕು? ಕೇಳುಗರೆ, ಈ ಮಾತನ್ನು ಇಂದು ಇಂಗ್ಲೆಂಡಿನ ಒಂದು ರೂಢಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣವೆಂದು ನನ್ನ ಆಸೆ.

ಆ ದೇಶದಲ್ಲಿ ಬೇಸಗೆ ಬಂತೆಂದರೆ ಹಳ್ಳಿಗಾಡಿನ ಬಯಲುಗಳಲ್ಲಿ ಮೂರು ನಾಲ್ಕು ದಿನಗಳ ಸಂಗೀತೋತ್ಸವಗಳು ನಡೆಯುತ್ತವೆ. ಬಂದವರು ರಾತ್ರಿ ಮನೆಗೆ ಮರಳುವುದಿಲ್ಲ. ಅಲ್ಲಿಯೇ ಡೇರೆ ಹೂಡಿ, ಅಲ್ಲಿಯೇ ಉಂಡು, ಅಲ್ಲಿಯೇ ಮಲಗುತ್ತಾರೆ. ಕೇಂಬ್ರಿಜ್ಜಿನ ಜಾನಪದ ಸಂಗೀತೋತ್ಸವ 1965ರಲ್ಲಿ ಚೆರ್ರಿ ಹಿಂಟನ್ ಹಾಲ್ ಎಂಬಲ್ಲಿನ ಹುಲ್ಲುಗಾವಲಿನಲ್ಲಿ ಮೊದಲಾಯಿತು. 1970ರ ಸೆಪ್ಟೆಂಬರ್ 19ರಂದು, ಸಾಮರ್‌ಸೆಟ್ ಪ್ರಾಂತದ ಪಿಲ್ಟನ್ ಎಂಬ ಹಳ್ಳಿಯಲ್ಲಿ, ಮೈಕೆಲ್ ಈವಿಸ್ ಎಂಬ ಹೈನುಗಾರರು ತಮ್ಮ ಹೊಲದಲ್ಲಿಯೇ ಸಂಗೀತವನ್ನು ಏರ್ಪಡಿಸಿದರು. ಪ್ರವೇಶಕ್ಕೆ ಒಂದು ಪೌಂಡು. ಆ ಒಂದು ಪೌಂಡಿನಲ್ಲಿ ಅವರ ಹಸುಗಳ ಹಾಲೂ ಸೇರಿತ್ತು. ಬಂದವರು ಸುಮಾರು ಒಂದೂವರೆ ಸಾವಿರ ಮಂದಿ. ಅದೇ ಇಂದು ಲೋಕವೆಲ್ಲ ಬಲ್ಲ ಗ್ಲಾಸ್ಟನ್‌ಬರಿ ಉತ್ಸವವಾಗಿದೆ. ಉತ್ಸವದ ದಿನಗಳಲ್ಲಿ ಆ ಹೊಲದಲ್ಲಿ ಎರಡು ಲಕ್ಷ ಜನರ ಒಂದು ಊರೇ ಎದ್ದು ನಿಲ್ಲುತ್ತದೆ. 2025ರಲ್ಲಿ ಟಿಕೇಟಿನ ಬೆಲೆ 373 ಪೌಂಡನ್ನು ದಾಟಿತ್ತು. ಆದರೆ ಟಿಕೇಟು ಕೊಂಡ ಹಿರಿಯರೊಡನೆ ಬರುವ, ಹನ್ನೆರಡು ಮೀರದ ಮಕ್ಕಳಿಗೆ ಅಲ್ಲಿ ಹಣ ಕೊಡಬೇಕಾಗಿಲ್ಲ. ಅವರಿಗಾಗಿಯೇ ಒಂದು ಬಯಲು ಬೇರೆ ಇದೆ.

ಇನ್ನೊಂದು ಉತ್ಸವದ ಹೆಸರು ವೊಮ್ಯಾಡ್. ಗಾಯಕ ಪೀಟರ್ ಗೇಬ್ರಿಯಲ್ ಮತ್ತು ಅವರ ಸಂಗಡಿಗರು 1982ರಲ್ಲಿ ಶೆಪ್ಟನ್ ಮ್ಯಾಲೆಟ್ ಎಂಬ ಊರಿನ ಬಳಿ ಇದನ್ನು ಆರಂಭಿಸಿದರು. ನಾನಾ ದೇಶಗಳ ಸಂಗೀತವನ್ನು ಒಂದೇ ಬಯಲಿಗೆ ತರಬೇಕೆಂಬುದು ಅವರ ಹಂಬಲ. 1985ರಲ್ಲಿ ಎಸೆಕ್ಸ್ ತೀರದ ಮರ್ಸೀ ದ್ವೀಪದಲ್ಲಿ ನಡೆದ ಇದೇ ಉತ್ಸವದಲ್ಲಿ ನುಸ್ರತ್ ಫತೇ ಅಲಿ ಖಾನರು ಕವ್ವಾಲಿ ಹಾಡಿದರು. ಪಂಜಾಬಿ, ಉರ್ದುಗಳ ಒಂದು ಅಕ್ಷರವೂ ಅರಿಯದ ಜನ ಆ ರಾತ್ರಿ ಅದನ್ನು ಕೇಳಿದರು. ಈ ಉತ್ಸವದಲ್ಲಿ ಬೆಳೆದು ಬಂದ ಪದ್ಧತಿಯೊಂದು ನನಗೆ ಬಹಳ ಹಿಡಿಸಿತು. ಮಕ್ಕಳು ಬಣ್ಣದ ಕಾಗದ, ಬಟ್ಟೆ, ಬಿದಿರುಗಳಿಂದ ದಿನಗಟ್ಟಲೆ ಏನೇನೋ ಆಕಾರಗಳನ್ನು ಕಟ್ಟುತ್ತಾರೆ. ಕೊನೆಯ ದಿನ ಅವನ್ನು ಹೊತ್ತು, ವಾದ್ಯಗಳ ಮೇಳದೊಂದಿಗೆ, ಹಿರಿಯರ ನಡುವೆ ಮೆರವಣಿಗೆ ಹೊರಡುತ್ತಾರೆ. ಆ ಹೊತ್ತು ದಾರಿ ಬಿಡಬೇಕಾದವರು ದೊಡ್ಡವರು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಮಗಳ ಮನೆಗೆ ಹೋಗಿದ್ದಾಗ, ಇವುಗಳಿಗಿಂತ ಬಹಳ ಚಿಕ್ಕದಾದ ಅಂಥದೊಂದು ಉತ್ಸವಕ್ಕೆ ಮೂರು ದಿನ ಅವರ ಸಂಸಾರದೊಡನೆ ನಾನೂ ಹೋದೆ. ಹೊರಡುವ ಮುನ್ನ ನಡೆದ ಸಿದ್ಧತೆ ನಮ್ಮ ಹಿಂದಿನವರು ಜಾತ್ರೆಗೆ ಬಂಡಿ ಕಟ್ಟುತ್ತಿದ್ದುದನ್ನು ನೆನಪಿಗೆ ತರುವಂತಿತ್ತು. ಡೇರೆ, ಗೂಟ, ನೆಲಕ್ಕೆ ಹಾಸುವ ಜಲನಿರೋಧಕ ಹಾಳೆ, ಮೊಣಕಾಲುದ್ದದ ರಬ್ಬರ್ ಬೂಟುಗಳು, ಬ್ಯಾಟರಿ ದೀಪ, ಪ್ರತಿಯೊಂದು ಮಗುವಿಗೂ ಮೂರು ಜೊತೆ ಒಣ ಕಾಲುಚೀಲ. ಅಲ್ಲಿಯ ಬೇಸಗೆಯನ್ನು ನಂಬುವಂತಿಲ್ಲ. ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುತ್ತದೆ, ಬೆಳಕು ಹೋದೊಡನೆ ಚಳಿ ನೆಲದಿಂದಲೇ ಏಳುತ್ತದೆ. ಮಳೆ ಹಿಡಿದರೆ ಹುಲ್ಲುಗಾವಲು ನಾಟಿಯ ಗದ್ದೆಯಾಗುತ್ತದೆ. ಡೇರೆಯನ್ನು ತಗ್ಗಿನಲ್ಲಿ ಹೂಡಬಾರದು, ವೇದಿಕೆಯ ಹತ್ತಿರ ಹೂಡಬಾರದು, ಶೌಚಗೃಹದಿಂದ ಬಹಳ ದೂರವೂ ಹೂಡಬಾರದು ಎಂದು ಮಗಳು ನನಗೆ ಪಾಠ ಹೇಳಿದಳು. ಮಕ್ಕಳನ್ನು ಕೂರಿಸಿ ಎಳೆಯುವುದಕ್ಕೆ ನಾಲ್ಕು ಗಾಲಿಯ ಕೈಬಂಡಿಯೊಂದನ್ನು ತಂದಿದ್ದಳು. ಅದರಲ್ಲಿ ಕುರಿಯುಣ್ಣೆಯ ಹಾಸು, ಮೇಲೊಂದು ಕಂಬಳಿ. ರಾತ್ರಿ ಹತ್ತರ ಹೊತ್ತಿಗೆ ಐದು ವರ್ಷದ ಮೊಮ್ಮಗಳು ಅದರಲ್ಲಿಯೇ ನಿದ್ದೆ ಹೋದಳು. ವೇದಿಕೆಯ ಮೇಲೆ ಪಿಟೀಲೊಂದು ಓಡುತ್ತಿತ್ತು. ಹಾಡು ನಿಂತು ಚಪ್ಪಾಳೆ ಎದ್ದಾಗ ಅರ್ಧ ಕಣ್ಣು ತೆರೆದು, “ಅಜ್ಜಾ, ಮುಗೀತೇನು?” ಎಂದು ಕೇಳಿದಳು. “ಇಲ್ಲ, ಇನ್ನೂ ಅದ” ಎಂದೆ. ಸಮಾಧಾನದಿಂದ ಮಗ್ಗುಲು ಬದಲಿಸಿದಳು. ಅಲ್ಲಿ ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದವರು ಯಾರೂ ಇರಲಿಲ್ಲ.

ಇದನ್ನು ಕೇಳಿ ಎಲ್ಲವೂ ಸೊಗಸೇ ಎಂದು ತಾವು ಭಾವಿಸಬಾರದು. ಧ್ವನಿವರ್ಧಕಗಳ ಆರ್ಭಟ ಎಳೆಯ ಕಿವಿಗೆ ಹಿತವಲ್ಲ. ಸಂಗೀತ ನಡೆಯುವ ಸ್ಥಳಗಳಲ್ಲಿ ಶಬ್ದ, ಹದಿನೈದು ನಿಮಿಷಗಳ ಸರಾಸರಿಯಲ್ಲಿ, 100 ಡೆಸಿಬೆಲ್ ಮೀರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಮಾನದಂಡವನ್ನು ಹೊರಡಿಸಿತು. ಶಬ್ದದಿಂದ ಕೆಟ್ಟ ಒಳಗಿವಿಯ ಸೂಕ್ಷ್ಮ ಕೋಶಗಳು ಮರಳಿ ಬೆಳೆಯುವುದಿಲ್ಲ. ಆದುದರಿಂದ ಅಲ್ಲಿಯ ತಾಯಂದಿರು ಮಕ್ಕಳ ಕಿವಿಗೆ ದಪ್ಪ ಮುಚ್ಚಳಗಳನ್ನು ತೊಡಿಸುತ್ತಾರೆ, ದೂರದಲ್ಲಿ ಕೂರಿಸುತ್ತಾರೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಚಳಿಯೆಂದು ಆರಿದಂತೆ ತೋರುವ ಕೆಂಡದ ಒಲೆಯನ್ನು ಡೇರೆಯೊಳಗೆ ಇಟ್ಟುಕೊಂಡರೆ ಕಾರ್ಬನ್ ಮಾನಾಕ್ಸೈಡ್ ಎಂಬ, ವಾಸನೆಯೇ ಇಲ್ಲದ ವಿಷಾನಿಲ ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲುದು. ಮೂರನೆಯದು, ಮಗು ಜನಜಂಗುಳಿಯಲ್ಲಿ ತಪ್ಪಿಸಿಕೊಳ್ಳುವ ಭಯ. ಅದಕ್ಕಾಗಿ ಮಕ್ಕಳ ಮಣಿಕಟ್ಟಿಗೆ ತಂದೆತಾಯಿಯರ ದೂರವಾಣಿ ಸಂಖ್ಯೆ ಬರೆದ ಪಟ್ಟಿಯನ್ನು ಕಟ್ಟುತ್ತಾರೆ.

ಆ ಪಟ್ಟಿಯನ್ನು ಕಂಡಾಗ ನನಗೆ ಗದಗಿನ ಒಂದು ಕಥೆ ನೆನಪಾಯಿತು. ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಬೀದಿಯಲ್ಲಿ ಹೋಗುವ ವಾದ್ಯದ ಮೆರವಣಿಗೆಯನ್ನು ಹಿಂಬಾಲಿಸಿ ಹೋಗಿಬಿಡುತ್ತಿದ್ದರಂತೆ. ದಣಿವಾದಲ್ಲಿ ಮಲಗಿ ನಿದ್ರಿಸುತ್ತಿದ್ದರಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಕಡೆಗೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರೆಂದು ಹೇಳುತ್ತಾರೆ. ಆ ತಂದೆಯ ವಿವೇಕವನ್ನು ಗಮನಿಸಿ. ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುವ ಬದಲು, ಕಳೆದುಹೋದರೆ ಮರಳಿ ಬರುವ ದಾರಿಯನ್ನು ಅವನ ಮೈಮೇಲೆಯೇ ಬರೆದರು. ಸಂಗೀತಕ್ಕೆ ಮಕ್ಕಳನ್ನು ಒಯ್ಯುವವರು ಮಾಡಬೇಕಾದ ಕೆಲಸವೆಲ್ಲ ಇದರಲ್ಲಿ ಅಡಕವಾಗಿದೆ ಎನ್ನಬಹುದು.

‘ಮಕ್ಕಳಿಗೆ ಏನು ತಿಳಿಯುತ್ತದೆ?’ ಎಂದು ಕೇಳುವವರಿದ್ದಾರೆ. ಮಗು ಮಾತನ್ನು ಕಲಿಯುವುದಾದರೂ ಹೇಗೆ? ವ್ಯಾಕರಣ ತಿಳಿದ ಮೇಲೆ ನಾವು ಅದರೊಡನೆ ಮಾತನಾಡಲು ತೊಡಗುತ್ತೇವೆಯೆ? ತಿಳಿಯದ ಮಾತಿನ ನಡುವೆ ವರ್ಷಗಟ್ಟಲೆ ಇದ್ದುದರಿಂದಲೇ ಅದಕ್ಕೆ ಮಾತು ಬಂತು. ರಾಗದ ವಿಷಯವೂ ಇದಕ್ಕಿಂತ ಬೇರೆಯಲ್ಲ. ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಕರಾವಳಿಯ ಬಯಲಾಟಕ್ಕೆ ಚಾಪೆ ಹಿಡಿದು ಹೋದ ತಾಯಂದಿರು ಮಕ್ಕಳನ್ನು ಮಲಗಲು ಬಿಟ್ಟು, ನಡುರಾತ್ರಿಯಲ್ಲಿ ಚೆಂಡೆಯ ಸದ್ದಿಗೆ ಬಣ್ಣದ ವೇಷ ಬರುವಾಗ ತಟ್ಟಿ ಎಬ್ಬಿಸುತ್ತಿದ್ದರು. ಹುಬ್ಬಳ್ಳಿಯ ಬದಿಯ ಕುಂದಗೋಳದಲ್ಲಿ ಸವಾಯಿ ಗಂಧರ್ವರ (1886–1952) ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಅಂಥ ರಾತ್ರಿಗಳಲ್ಲಿ ತಾಯಿಯ ತೊಡೆಯ ಮೇಲೆ ಒಮ್ಮೆ ಮಲಗಿ ಒಮ್ಮೆ ಎಚ್ಚೆತ್ತು ಕೇಳಿದ್ದು ಎಲ್ಲಿಗೂ ಹೋಗುವುದಿಲ್ಲ. ಹಾಗೆ ಕೇಳಿದ ಮಕ್ಕಳೆಲ್ಲ ಗಾಯಕರಾಗುವುದಿಲ್ಲ, ನಿಜ. ಆದರೆ ಸಭೆ ತುಂಬುವ ರಸಿಕರು ಬೇರೆಲ್ಲಿಂದ ಬರಬೇಕು?

ಇಂಗ್ಲೆಂಡಿನ ಉತ್ಸವಗಳಲ್ಲಿ ವ್ಯಾಪಾರ ಹೆಚ್ಚಾಗಿದೆ, ಕುಡಿತವಿದೆ, ಬಡ ಸಂಸಾರಕ್ಕೆ ಅವು ನಿಲುಕುವುದಿಲ್ಲ. ಅವನ್ನು ಇದ್ದಂತೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳಲಾರೆ. ಆದರೆ ಪಿಲ್ಟನ್ನಿನ ಹೊಲದ ಒಂದು ನಿಯಮ ಮನನೀಯವಾಗಿದೆ. ಕೆಲವು ವರ್ಷಗಳಿಗೊಮ್ಮೆ ಅಲ್ಲಿ ಉತ್ಸವವನ್ನು ನಿಲ್ಲಿಸಿ, ನೆಲವನ್ನು ಬೀಳು ಬಿಡುತ್ತಾರೆ. 2012ರಲ್ಲಿ, 2018ರಲ್ಲಿ ಹಾಗೆ ಬಿಟ್ಟರು. ಲಕ್ಷಾಂತರ ಕಾಲುಗಳು ತುಳಿದ ನೆಲ ಮತ್ತೆ ಹುಲ್ಲು ಹಿಡಿಯಲು ಕಾಲ ಬೇಕು. ಮಕ್ಕಳ ಮನಸ್ಸಿಗೂ ಅಂಥ ಬಿಡುವು ಬೇಕು. ಹಗಲಿರುಳು ಹಾಡು ಕೇಳಿಸಿ, ರಾಗದ ಹೆಸರು ಹೇಳೆಂದು ಪೀಡಿಸಿದರೆ ಅವರು ಸಂಗೀತದಿಂದ ದೂರ ಓಡುತ್ತಾರೆ. ಮಣ್ಣಿನಲ್ಲಿ ಆಡಲಿ, ನಿದ್ದೆ ಬಂದರೆ ಮಲಗಲಿ, ಹಾಡು ತನ್ನ ಪಾಡಿಗೆ ತಾನು ನಡೆಯಲಿ.

ನಮ್ಮ ಸಂಗೀತ ಸಭೆಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಸಭಾಗೃಹದ ಹಿಂಬದಿಯಲ್ಲಿ, ಬಾಗಿಲಿನ ಸಮೀಪದಲ್ಲಿ, ಒಂದು ಜಮಖಾನೆಯನ್ನು ಸಂಸಾರವಂದಿಗರಿಗೆಂದು ಹಾಸಿಡಿ. ಮಗು ಅತ್ತರೆ ತಾಯಿ ಎದ್ದು ಹೊರಗೆ ಹೋಗಲು ಅನುಕೂಲವಿರಲಿ, ಸುಮ್ಮನಾದರೆ ಮರಳಿ ಬರಲು ಸಂಕೋಚವಿಲ್ಲದಿರಲಿ. ಆಮಂತ್ರಣ ಪತ್ರಿಕೆಯ ಕೊನೆಯ ಸಾಲನ್ನು ಅದಕ್ಕೆ ತಕ್ಕಂತೆ ತಿದ್ದಿ ಅಚ್ಚು ಹಾಕಿಸಿದರೆ ಇದಕ್ಕೆ ಬೇಕಾಗುವ ಹೆಚ್ಚಿನ ಖರ್ಚು ಒಂದು ಜಮಖಾನೆಯದು ಮಾತ್ರ.