ಮೈಸೂರಿಗೆ ಬಂದ ನಾಲ್ಕು ಹಾಡುಗಳು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲೆ ಕಾಲೇಜುಗಳಲ್ಲಿ ಓದುವ ನಿಮಗೆ ಪಾಶ್ಚಾತ್ಯ ವಾದ್ಯವೃಂದದ ಸಂಗೀತ ಬಲು ದೂರದ ಮಾತೆನಿಸಬಹುದು. ನಮಗೆ ಪರಿಚಯವಿರುವುದು ಡೊಳ್ಳು, ಭಜನೆ, ವೀರಗಾಸೆ. ಪಿಯಾನೋ ಕಣ್ಣಾರೆ ಕಂಡವರೇ ಕಡಿಮೆ. ಆದರೂ ಆ ಸಂಗೀತದ ಒಂದು ಅಪರೂಪದ ಧ್ವನಿಮುದ್ರಣ ಇಂದಿಗೂ ಉಳಿದಿರುವುದರ ಹಿಂದೆ ನಮ್ಮ ನಾಡಿನವರೊಬ್ಬರಿದ್ದಾರೆ.

ಅವರು ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಅವರನ್ನು ನೀವು ಬಲ್ಲಿರಿ. ಅವರು ಪಿಯಾನೋ ವಾದಕರೂ ಆಗಿದ್ದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ವೃದ್ಧ ಸಂಗೀತಗಾರ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಈ ಮಹಾರಾಜರಿಗೆ ಅರ್ಪಿಸಿದರು. ಆದರೆ ಇಂದಿನ ವಿಷಯ ಅದಲ್ಲ.

1948ರಲ್ಲಿ, 84ನೆಯ ವಯಸ್ಸಿನ ಆಸುಪಾಸಿನಲ್ಲಿ, ಜರ್ಮನಿಯ ರಿಚರ್ಡ್ ಸ್ಟ್ರೌಸ್ ಹೆಣ್ಣುಧ್ವನಿಗೂ ದೊಡ್ಡ ವಾದ್ಯವೃಂದಕ್ಕೂ ನಾಲ್ಕು ಹಾಡುಗಳನ್ನು ರಚಿಸಿದರು. ಅವು ವೇದಿಕೆಗೆ ಬರುವ ಮುನ್ನವೇ, 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 'ನಾಲ್ಕು ಕೊನೆಯ ಹಾಡುಗಳು' ಎಂಬ ಹೆಸರು ಕೂಡ ಪ್ರಕಾಶಕರ ಕಡೆಯವರು ಇಟ್ಟದ್ದು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಹಾಡುಗಳನ್ನು ಮುದ್ರಿಸಿ, ತಟ್ಟೆಗಳನ್ನು ಮೈಸೂರಿಗೆ ಕಳಿಸಿದರು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ತಟ್ಟೆಗಳಿದ್ದುವಂತೆ!

ಆ ಹಣದಲ್ಲಿ ಜಗಳೂರಿನ ಒಣಗಿದ ಕೆರೆಯೊಂದರ ಹೂಳೆತ್ತಿಸಬಹುದಿತ್ತಲ್ಲವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ನಿಮ್ಮ ಊರುಗಳೆಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅರಮನೆಯ ಹಣದಲ್ಲಿ ನಿಮ್ಮ ಮುತ್ತಜ್ಜಂದಿರ ಬೆವರೂ ಇತ್ತು. ಸಂಗೀತ ಚೆನ್ನಾಗಿದೆಯೆಂದು ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಅಂದು ಅರಮನೆಗೆ ಬಂದದ್ದು ಈಗ ಎಲ್ಲರದೂ ಆಗಿದೆ. ಆ ಮುದ್ರಣ ಮುಂದೆ ಎಲ್‌ಪಿಯಾಗಿ, ಸಿಡಿಯಾಗಿ ಹೊರಬಂತು. ಇಂದು ನ್ಯಾಮತಿಯ ಹುಡುಗಿಯೊಬ್ಬಳು ಮೊಬೈಲಿನಲ್ಲೇ ಕೇಳಬಹುದು.

ಕೇಳುವ ಮುನ್ನ ಒಂದು ಎಚ್ಚರಿಕೆ. ನಾನು ಮೊದಲ ಸಲ ಕೇಳಿದಾಗ ಯಂತ್ರ ಕೆಟ್ಟಿದೆಯೆಂದು ತಿಳಿದು ನಿಲ್ಲಿಸಿಬಿಟ್ಟಿದ್ದೆ. ಒಲೆಯ ಮೇಲೆ ಕಾಳು ಹುರಿದ ಹಾಗೆ ಚಟಪಟ ಸದ್ದು, ನಡುನಡುವೆ ಒಡೆದ ದನಿ. ಅಂಥ ತಟ್ಟೆಗಳ ಮೇಲ್ಪದರ ಮೆದು. ಮುಳ್ಳು ಹಾದಾಗಲೆಲ್ಲ ಸವೆಯುತ್ತದೆ. ಐದು ನಿಮಿಷ ತಾಳಿಕೊಳ್ಳಿ. ಮಳೆಯ ಸದ್ದಿನ ನಡುವೆ ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವ ಕಿವಿ ನಮಗೆಲ್ಲ ಇದೆ.

ಇನ್ನೊಂದು ತೊಡಕು ನಮ್ಮ ಕಿವಿಯದೇ. ಇಲ್ಲಿ ತಂಬೂರಿಯ ಹಾಗೆ ಕೊನೆಯವರೆಗೂ ನಿಲ್ಲುವ ಆಧಾರ ಶ್ರುತಿಯಿಲ್ಲ. ಕೈಯಲ್ಲಿ ತಾಳ ಹಾಕಲು ಹೋದರೆ ತಪ್ಪುತ್ತದೆ. ಹಲವು ಸ್ವರಗಳು ಒಟ್ಟಿಗೆ ಮೊಳಗಿ, ಆ ಮೊಳಗೇ ಬಣ್ಣ ಬದಲಿಸುತ್ತ ಸಾಗುತ್ತದೆ. ಎಲ್ಲವನ್ನೂ ಹಿಡಿಯಹೋಗದೆ ಒಂದೇ ವಾದ್ಯದ ಬೆನ್ನು ಹತ್ತಿ. ಅಂದು ಮೊದಲು ಹಾಡಿದ್ದು 'ಮಲಗುವ ಹೊತ್ತು'. ಎರಡು ಚರಣಗಳಾದ ಮೇಲೆ ಗಾಯಕಿ ಸುಮ್ಮನಾಗುತ್ತಾರೆ, ಒಂಟಿ ಪಿಟೀಲು ಹಾಡತೊಡಗುತ್ತದೆ. ಬಳಿಕ ಅದೇ ರಾಗಧಾಟಿಯನ್ನು ಗಾಯಕಿ ಕೈಗೆತ್ತಿಕೊಳ್ಳುತ್ತಾರೆ. ಪಿಟೀಲು ಹಾಡಿಗೆ ಪಕ್ಕವಾದ್ಯವಾಗುವುದನ್ನು ನಾವು ಬಲ್ಲೆವು. ಇಲ್ಲಿ ಅದೇ ದಾರಿ ತೋರಿಸುತ್ತದೆ.

'ಸೆಪ್ಟೆಂಬರ್' ಹಾಡಿನ ಕೊನೆಗೆ ಹಾರ್ನ್ ಎಂಬ ಕೊಂಬುವಾದ್ಯ ಒಂಟಿಯಾಗಿ ನುಡಿಯುತ್ತದೆ. ಸ್ಟ್ರೌಸರ ತಂದೆ ಅದೇ ವಾದ್ಯದ ಹೆಸರಾಂತ ವಾದಕರು. ಹಾಡುಗಳಿಗೆ ಆರಿಸಿಕೊಂಡ ಹೆಣ್ಣುಧ್ವನಿ ಅವರ ಹೆಂಡತಿ ಪೌಲೀನೆಯದು, ಆಕೆ ಗಾಯಕಿಯಾಗಿದ್ದರು. ಮುದುಕರೊಬ್ಬರು ಮನೆಯವರನ್ನೆಲ್ಲ ಹೀಗೆ ಹತ್ತಿರ ಕರೆದುಕೊಂಡಂತಿದೆ.

ಕೊನೆಯದು 'ಸಂಜೆಗೆಂಪಿನಲ್ಲಿ'. ಬಾಳುವೆ ಮಾಡಿ ದಣಿದ ಗಂಡ ಹೆಂಡತಿ ಕೈ ಹಿಡಿದು ನಿಂತು ಮುಳುಗುವ ಬೆಳಕನ್ನು ನೋಡುತ್ತಾರೆ. ಸೂಳೆಕೆರೆಯ ಏರಿಯ ಮೇಲೆ ಸಂಜೆ ನಿಂತವರಿಗೆ ಆ ಬೆಳಕು ಗೊತ್ತು. ಎರಡು ಬಾನಾಡಿ ಹಕ್ಕಿಗಳು ಮೇಲೇರುತ್ತವೆ. ಕೊಳಲುಗಳು ಕಂಪಿಸಿ ಅವನ್ನು ತೋರಿಸುತ್ತವೆ. ಹಾಡು ಸಾವಿನ ಬಗ್ಗೆ ಒಂದು ಪ್ರಶ್ನೆ ಕೇಳಿ ನಿಲ್ಲುತ್ತದೆ. ಆಗ ಹಾರ್ನ್ ನುಡಿಸುವ ಸ್ವರಗಳು, ಸುಮಾರು 60 ವರ್ಷಗಳ ಹಿಂದೆ ತರುಣ ಸ್ಟ್ರೌಸ್ 'ಸಾವು ಮತ್ತು ರೂಪಾಂತರ' ಎಂಬ ಕೃತಿಯಲ್ಲಿ ಬರೆದವೇ. 25ರ ಹುಡುಗ ಊಹಿಸಿ ಬರೆದದ್ದನ್ನು ಸಾವಿನ ಹೊಸ್ತಿಲಲ್ಲಿದ್ದ ಮುದುಕರು ಮತ್ತೆ ತೆಗೆದು ನೋಡುತ್ತಿದ್ದಾರೆ.

ಗಾಯಕಿ ಅಲ್ಲಿಗೆ ಮುಗಿಸುತ್ತಾರೆ. ನೀವು ನಿಲ್ಲಿಸಬೇಡಿ. ವಾದ್ಯಗಳು ಒಂದೊಂದಾಗಿ ತಗ್ಗುತ್ತ ಬರುತ್ತವೆ, ಹಕ್ಕಿಗಳು ಇನ್ನೊಮ್ಮೆ ದೂರದಲ್ಲಿ ಕೇಳುತ್ತವೆ, ಆ ಹೊತ್ತಿಗೆ ತಟ್ಟೆಯ ಚಟಪಟ ಸದ್ದೇ ಸಂಗೀತಕ್ಕಿಂತ ಜೋರಾಗಿರುತ್ತದೆ.