ಹೆಬ್ಬೆಟ್ಟಿನಿಂದ ಸಹಿಗೆ, ಸಹಿಯಿಂದ ಅರಿವಿಗೆ

(ಹಾನಗಲ್ಲಿನ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ನಮ್ಮ ಅಜ್ಜಂದಿರು ಸಾಲಪತ್ರದ ಮ್ಯಾಲೆ ಹೆಬ್ಬೆಟ್ಟು ಒತ್ತಿದರು. ಒಳಗೇನು ಬರೆದೈತಿ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ನಾವು ಸಹಿ ಮಾಡ್ತೀವಿ. ಒಳಗಿನದು ನಮಗೂ ತಿಳಿಯದಿದ್ದರೆ, ನಮ್ಮ ಸಹಿಗೂ ಅವರ ಹೆಬ್ಬೆಟ್ಟಿಗೂ ಫರಕು ಏನು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಳ್ಳಿಗಳಿಂದ ಬಂದವರು ನಾವು. ಮನ್ಯಾಗ ಆಡೋ ಕನ್ನಡ ಒಂದು, ಪುಸ್ತಕದ ಕನ್ನಡ ಇನ್ನೊಂದು. 'ಐತಿ' ಅಂತ ಬೆಳೆದವರು 'ಇರುತ್ತದೆ' ಎಂದು ಓದಬೇಕು. ಗಟ್ಟಿಯಾಗಿ ಓದ್ತೀವಿ, ಒಂದಕ್ಷರ ತಪ್ಪಂಗಿಲ್ಲ. 'ಏನು ಹೇಳೈತಿ ಹೇಳು' ಅಂದರೆ ಬಾಯಿ ಕಟ್ಟುತ್ತದೆ. ಆಮೇಲೆ ಗೈಡು, ಬಾಯಿಪಾಠ. ಇದನ್ನು ನೋಡಿ ನಮ್ಮನ್ನು ದಡ್ಡರು ಅಂತಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ನಮಗೆ ಓದಲು ಕಲಿಸಿದರು, ತಿಳಿಯುವ ದಾರಿಯನ್ನು ಕಲಿಸಲಿಲ್ಲ.

ಆ ದಾರಿಯನ್ನೂ ಕಲಿಸಬಹುದು. 1984ರಲ್ಲಿ ಅಮೆರಿಕದ ಅನ್ಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು ಇದನ್ನು ಪ್ರಕಟಿಸಿದರು. ಅಕ್ಷರ ಓದಬಲ್ಲ, ಆದರೆ ಅರ್ಥ ಹಿಡಿಯಲಾರದ ಏಳನೇ ತರಗತಿಯ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿದರು. ಮೊದಲು ಶಿಕ್ಷಕರು ಮಾಡಿ ತೋರಿಸುವುದು, ಆಮೇಲೆ ಸರದಿಯ ಪ್ರಕಾರ ಮಕ್ಕಳೇ ಶಿಕ್ಷಕರು. ಸುಮಾರು 20 ದಿನಗಳಲ್ಲಿ ಅವರ ತಿಳುವಳಿಕೆ ಎದ್ದು ಕಾಣುವಷ್ಟು ಬೆಳೆಯಿತು. ಕೆಲಸ ನಾಲ್ಕೇ: ಊಹಿಸುವುದು, ಗಂಟು ಬಿಡಿಸುವುದು, ಪ್ರಶ್ನೆ ಕೇಳುವುದು, ಸಾರ ಹೇಳುವುದು.

ಸಂವಿಧಾನದ 17ನೇ ವಿಧಿಯನ್ನೇ ತಗೊಳ್ಳೋಣ. ನಾಲ್ಕು ಮಂದಿ ಸುತ್ತ ಕೂತಿದ್ದೇವೆ.

ಒಬ್ಬ ಬರೇ ತಲೆಬರಹ ನೋಡಿ ಊಹಿಸುತ್ತಾನೆ: 'ಅಸ್ಪೃಶ್ಯತೆ ಹೋಗಬೇಕು ಅಂತ ಬುದ್ಧಿಮಾತು ಇರಬೇಕು.' ಓದಿ ನೋಡಿದರೆ ಶಿಕ್ಷೆಯ ಮಾತೂ ಐತಿ. ಊಹೆ ಸುಳ್ಳಾದರೆ ನಷ್ಟವಿಲ್ಲ, ಕಣ್ಣು ಚುರುಕಾಗುತ್ತದೆ.

ಎರಡನೆಯವಳು ಗಂಟು ಬಿಡಿಸುತ್ತಾಳೆ. 'ನಿರ್ಮೂಲನ' ಅಂದರೇನು? ಮೂಲ ಅಂದರೆ ಬೇರು. ಬೇರು ಸಮೇತ ಕೀಳೋದು. 'ಯಾವುದೇ ರೂಪದಲ್ಲಿ' ಅಂದರೆ? ಹೊಟೇಲಿನ ಬ್ಯಾರೆ ಕಪ್ಪು, ಕಟಿಂಗ್ ಅಂಗಡಿಯ 'ಆಗೂದಿಲ್ಲ', ಗುಡಿಯ ಹೊಸ್ತಿಲು, ಎಲ್ಲಾ ಬಂತು.

ಮೂರನೆಯವನು ಪ್ರಶ್ನೆ ಹಾಕುತ್ತಾನೆ. 'ಆಚರಿಸಿದರೆ ಏನಾಗುತ್ತದೆ?' ಇದಕ್ಕೆ ಉತ್ತರ ಸಾಲಿನಲ್ಲೇ ಇದೆ. 'ಶಿಕ್ಷೆ ಎಷ್ಟು?' ಇದಕ್ಕೆ ಇಲ್ಲ. ಕಾನೂನಿನ ಪ್ರಕಾರ ಎಂದಷ್ಟೇ ಇದೆ. ಯಾವ ಕಾನೂನು? ಹುಡುಕಿದರೆ 1955ರ ಕಾಯ್ದೆ ಸಿಗುತ್ತದೆ. 1976ರಲ್ಲಿ ತಿದ್ದುಪಡಿಯಾಗಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ಮುಂದೆ 1989ರ ದೌರ್ಜನ್ಯ ತಡೆ ಕಾಯ್ದೆ ಬಂತು. ಒಂದು ಪ್ರಶ್ನೆ ನಮ್ಮನ್ನು ಎಲ್ಲಿಂದ ಎಲ್ಲಿಗೆ ಒಯ್ಯಿತು ನೋಡಿರಿ.

ನಾಲ್ಕನೆಯವಳು ಮನೀ ಮಾತಿನಾಗ ಸಾರ ಹೇಳುತ್ತಾಳೆ: 'ಮುಟ್ಟಿಸಿಕೊಳ್ಳಂಗಿಲ್ಲ ಅನ್ನೋದು ಮುಗೀತು. ಯಾವ ವೇಷದಾಗ ಮಾಡಿದ್ರೂ ಅದು ಅಪರಾಧ.' ಅವ್ವನಿಗೆ ತಿಳಿಯುವಂಗ ಹೇಳಾಕ ಬಂದರೆ, ಓದಿದ್ದು ತಿಳಿದೈತಿ ಅಂತ ಅರ್ಥ.

ಮುಂದಿನ ಪ್ಯಾರಾಕ್ಕೆ ಕೆಲಸ ಅದಲುಬದಲು. ಚೆನ್ನಾಗಿ ಮಾತಾಡುವವನೇ ದಿನಾ ಶಿಕ್ಷಕನಾದರೆ ಅದು ಮತ್ತೊಂದು ಗೌಡಕಿ. ಯಾರು ತಡವರಿಸಿದರೂ ನಗಬಾರದು. ಗೊತ್ತಿದ್ದವರು ಉತ್ತರ ಕೊಡುವ ಅವಸರ ಮಾಡದೆ ಕಾಯಬೇಕು.

ನಮ್ಮ ಕೇರಿಯವರು ಪ್ರಶ್ನೆ ಕೇಳಿದರೆ ಉದ್ಧಟತನ ಅಂತಿದ್ದರು. ಅಕ್ಷರ ಕೊಟ್ಟರೂ ಪ್ರಶ್ನೆ ಕೊಡದೇ ಇದ್ದರೆ ಅರ್ಧ ವಿದ್ಯೆ ಅವರ ಕೈಯಲ್ಲೇ ಉಳಿಯಿತು. 1942ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಹೋರಾಟ, ಸಂಘಟನೆಗಳಿಗಿಂತ ಮುಂಚೆ ಶಿಕ್ಷಣದ ಹೆಸರು ಹೇಳಿದರು. ಆ ಶಿಕ್ಷಣ ಬಾಯಿಪಾಠದ್ದಲ್ಲ.

ರಾತ್ರಿ ಊಟ ಆದ ಮ್ಯಾಲೆ ಅರ್ಧ ತಾಸು. ನಾಲ್ಕು ಮಂದಿ, ಒಂದು ಪುಟ. ಪಠ್ಯಪುಸ್ತಕ ಆಗಲಿ, ಸ್ಕಾಲರ್‌ಶಿಪ್ಪಿನ ಆದೇಶ ಆಗಲಿ, ಪೇಪರಿನ ಸುದ್ದಿ ಆಗಲಿ. ಇವತ್ತೇ ಶುರು ಮಾಡೋಣ. ಮೊದಲ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತವರದ್ದಾಗಲಿ.