ಒಣಗಣ್ಣಿನ ನಿದಾನವೂ ಉಪಚಾರವೂ



ವಿಷಯವು ಕಣ್ಣಿನ ಒಣಗುವಿಕೆ. ಇದನ್ನು ಕೇಳಿದೊಡನೆ ತಮ್ಮಲ್ಲಿ ಕೆಲವರಿಗೆ ನಗೆ ಬಂದರೂ ಬರಬಹುದು. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಸೂರ್ಯನ ಮುಖವನ್ನೇ ಕಾಣಗೊಡದಂತೆ ಸುರಿಯುವ, ಹೇಮಾವತಿಯು ದಡತುಂಬಿ ಹರಿಯುವ, ಮಂಜರಾಬಾದಿನ ಕೋಟೆಯು ಮಂಜಿನಲ್ಲಿ ಮುಳುಗಿರುವ, ಮನೆಯ ಗೋಡೆಗೂ ಪಾಚಿ ಹತ್ತುವ ಈ ನಾಡಿನಲ್ಲಿ ಮನುಷ್ಯನ ಕಣ್ಣು ಮಾತ್ರ ನೀರಿಲ್ಲದೆ ಒಣಗುವುದೆಂದರೆ ನಂಬುವವರಾರು? ಆದರೂ ಇದು ನಿಜ. ಕಣ್ಣಿನ ನೀರಿಗೆ ಆಕಾಶದ ಮಳೆಯು ಹೊಣೆಯಲ್ಲ. ಅದರ ಕೆರೆಯೂ ಕಾಲುವೆಯೂ ನಮ್ಮ ರೆಪ್ಪೆಗಳ ಹಿಂದೆಯೇ ಇವೆ. ಅವು ಕೆಟ್ಟರೆ ಮಲೆನಾಡಿನಲ್ಲಿಯೂ ಬರಗಾಲವೇ.

ಈ ವ್ಯಾಧಿಯ ಲಕ್ಷಣಗಳನ್ನು ಹೇಳಿದರೆ ಅನೇಕರು ತಮ್ಮ ಮನೆಯ ಸಂಗತಿಯನ್ನೇ ಕೇಳಿದಂತೆ ತಲೆದೂಗುವರು. ಕಣ್ಣಿನಲ್ಲಿ ಮರಳು ಬಿದ್ದಂತೆ ಕಿರಿಕಿರಿ, ಸಂಜೆಯಾಗುತ್ತ ಹೆಚ್ಚುವ ಉರಿ, ಬೆಳಗ್ಗೆ ಎದ್ದಾಗ ಬಿಡಿಸಲಾಗದ ರೆಪ್ಪೆ, ಓದುತ್ತಿರುವಾಗ ಅಕ್ಷರಗಳು ಮಸುಕಾಗಿ ನಾಲ್ಕು ಸಲ ರೆಪ್ಪೆ ಬಡಿದೊಡನೆ ತಿಳಿಯಾಗುವುದು, ಇವೆಲ್ಲವೂ ಒಣಗಣ್ಣಿನ ಗುರುತುಗಳು. ಇದು ಹೊಸ ವ್ಯಾಧಿಯೇನೂ ಅಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ ೭೬ ನೇತ್ರರೋಗಗಳಲ್ಲಿ ಶುಷ್ಕಾಕ್ಷಿಪಾಕವೆಂಬುದೊಂದು. ರೆಪ್ಪೆಗಳು ಒರಟಾಗಿ, ನೋಟವು ಕದಡಿ, ಕಣ್ಣು ತೆರೆಯುವುದೇ ಕಷ್ಟವಾಗುವುದೆಂದು ಅಲ್ಲಿ ಹೇಳಿರುವುದು ಇಂದಿನ ರೋಗಿಯು ಹೇಳುವ ಮಾತಿಗೆ ಬಹಳ ಹತ್ತಿರವಾಗಿದೆ.

ಇನ್ನು ಈ ನೀರಿನ ಸ್ವರೂಪವನ್ನು ನೋಡೋಣ. ನಾವು ದುಃಖದಲ್ಲಿ ಸುರಿಸುವ ಕಣ್ಣೀರು ಬೇರೆ. ಹಗಲೆಲ್ಲ ಕಣ್ಣನ್ನು ನೆನೆಸಿಡುವ ತೆಳುಪದರವು ಬೇರೆ. ಆ ಪದರವು ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ತೆಳುವಾದುದು. ಇಷ್ಟು ತೆಳುವಾಗಿದ್ದರೂ ಅದರಲ್ಲಿ ಮೂರು ದ್ರವ್ಯಗಳು ಕೂಡಿವೆ. ಕಣ್ಣಿನ ಮೈಗೆ ಅಂಟಿಕೊಂಡು ನೀರನ್ನು ಸಮನಾಗಿ ಹರಡಿಸುವ ಲೋಳೆಯು ಒಂದು; ಕಣ್ಣಿನ ಮೇಲ್ಭಾಗದ ಹೊರಮಗ್ಗುಲಿನ ಅಶ್ರುಗ್ರಂಥಿಯು ಮುಖ್ಯವಾಗಿ ಒದಗಿಸುವ ನೀರು ಎರಡು; ಆ ನೀರು ಗಾಳಿಗೆ ಆರಿಹೋಗದಂತೆ ಮೇಲೆ ಹೊದಿಸಿದ ಎಣ್ಣೆಯು ಮೂರು. ಈ ಎಣ್ಣೆಯನ್ನು ಒಸರುವ ಸಣ್ಣ ಗ್ರಂಥಿಗಳು ರೆಪ್ಪೆಯ ಅಂಚಿನಲ್ಲಿ ಸಾಲಾಗಿವೆ. ಜರ್ಮನಿಯ ವೈದ್ಯನಾದ ಹೈನ್ರಿಕ್ ಮೈಬೋಮನು ೧೬೬೬ರಲ್ಲಿ ಇವುಗಳನ್ನು ವರ್ಣಿಸಿದುದರಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ಒಣಗಣ್ಣು ಎರಡು ಬಗೆಯಾಗಿ ಬರುವುದು: ನೀರೇ ಕಡಿಮೆಯಾಗುವುದು ಒಂದು ಬಗೆ, ನೀರಿದ್ದರೂ ಎಣ್ಣೆಯು ಕೆಟ್ಟು, ನೀರು ಬೇಗನೆ ಆರಿಹೋಗುವುದು ಇನ್ನೊಂದು ಬಗೆ. ಹೆಚ್ಚಾಗಿ ಕಾಣುವುದು ಎರಡನೆಯದೇ. ಕೆಲವರಲ್ಲಿ ಎರಡೂ ಕೂಡಿರುತ್ತವೆ.

ಇಲ್ಲಿ ಒಂದು ಶಂಕೆಯು ಹುಟ್ಟುವುದು. “ನನ್ನ ಕಣ್ಣಿನಿಂದ ಧಾರೆಯಾಗಿ ನೀರು ಸುರಿಯುತ್ತಿದೆ, ತಾವು ಒಣಗಿದೆ ಎನ್ನುವಿರಲ್ಲ” ಎಂದು ರೋಗಿಯು ಕೇಳುವನು. ಬೇಸಿಗೆಯಲ್ಲಿ ಗಟ್ಟಿಯಾದ ಗುಡ್ಡದ ಇಳಿಜಾರಿನ ಮೇಲೆ ಒಂದೇ ಸಮನೆ ಸುರಿದ ಮಳೆಯು ನೆಲಕ್ಕೆ ಇಂಗದೆ ಹರಿದು ಹಳ್ಳ ಸೇರುವುದನ್ನು ತಾವು ಕಂಡಿದ್ದೀರಿ. ಅಂತೆಯೇ, ಒಣಗಿ ನೊಂದ ಕಣ್ಣು ಮಿದುಳಿಗೆ ಮೊರೆಯಿಡಲು, ಅಶ್ರುಗ್ರಂಥಿಯು ಒಮ್ಮೆಗೇ ನೀರನ್ನು ಸುರಿಸಿಬಿಡುವುದು. ಆ ನೀರಿನಲ್ಲಿ ಎಣ್ಣೆಯ ಹದವಿಲ್ಲದಿರುವುದರಿಂದ ಅದು ನಿಲ್ಲದೆ ಕೆನ್ನೆಯ ಮೇಲೆ ಹರಿದುಹೋಗುವುದು. ಕಣ್ಣು ಮೊದಲಿನಂತೆಯೇ ಒಣಗಿರುವುದು. ಆದುದರಿಂದ ಗಾಳಿಗೆ ನೀರೂರುವ ಕಣ್ಣು ಒಣಗಣ್ಣಾಗಿರಬಹುದೆಂಬುದನ್ನು ಮರೆಯಬಾರದು.

ಇದಕ್ಕೆ ಕಾರಣಗಳೇನು? ವಯಸ್ಸು ಮೊದಲನೆಯದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು. ಸೊಸೆಯು ತಂದ ಬೇಸರಕ್ಕೆ ಅತ್ತೆಯು ಕಣ್ಣೊರಸುತ್ತಿದ್ದಾಳೆಂದು ಮನೆಯವರು ಹಾಸ್ಯಮಾಡುವಲ್ಲಿ ನಿಜವಾಗಿ ಚಿಕಿತ್ಸೆ ಬೇಡುವ ವ್ಯಾಧಿಯೊಂದು ಇರಬಹುದು. ನೆಗಡಿ, ಅಲರ್ಜಿಗಳಿಗೆ ಕೊಡುವ ಕೆಲವು ಗುಳಿಗೆಗಳೂ, ಮನಸ್ಸಿನ ಕಾಯಿಲೆಯ ಕೆಲವು ಔಷಧಗಳೂ, ಮೂತ್ರವನ್ನು ಹೆಚ್ಚಿಸುವ ರಕ್ತದೊತ್ತಡದ ಗುಳಿಗೆಗಳೂ ಕಣ್ಣನ್ನು ಒಣಗಿಸಬಲ್ಲವು. ಹಾಗೆಂದು ಅವನ್ನು ತಾವಾಗಿ ನಿಲ್ಲಿಸದೆ, ಕೊಟ್ಟ ವೈದ್ಯರಿಗೆ ತಿಳಿಸತಕ್ಕದ್ದು. ಮಧುಮೇಹ, ಥೈರಾಯ್ಡ್ ವಿಕಾರಗಳೂ ಕಾರಣವಾಗುವುದುಂಟು.

ನಮ್ಮ ಸೀಮೆಗೆ ವಿಶೇಷವಾದ ಕಾರಣಗಳೂ ಇವೆ. ಮಳೆಗಾಲ ಮುಗಿದು ಮಾರ್ಗಶಿರ, ಪುಷ್ಯಮಾಸಗಳು ಬರಲು, ಮೂಡಣ ದಿಕ್ಕಿನ ಒಣಗಾಳಿಯು ಬೀಸತೊಡಗುವುದು. ಅದೇ ಕಾಲದಲ್ಲಿ ಕಾಫಿಯ ಕೊಯ್ಲು. ಕಣದಲ್ಲಿ ಹಣ್ಣು ಹರಡುವುದು, ಕೆದಕುವುದು, ತೂರುವುದು. ಅತ್ತ ಭತ್ತದ ಸುಗ್ಗಿಯ ಧೂಳು. ದಿನವೆಲ್ಲ ಕೆಲಸಮಾಡುವ ಆಳಿನ ಕಣ್ಣಿಗೆ ಗಾಳಿ, ಬಿಸಿಲು, ಧೂಳು ಮೂರೂ ಕೂಡಿ ಬೀಳುವುವು. ಮಳೆಗಾಲದಲ್ಲಾದರೋ ಹೊಗೆಯ ಕಾಟ. ಉಜ್ವಲಾ ಯೋಜನೆಯು ೨೦೧೬ರಲ್ಲಿ ಆರಂಭವಾದ ಮೇಲೆ ಅನೇಕ ಬಡಮನೆಗಳಿಗೂ ಗ್ಯಾಸಿನ ಒಲೆ ಬಂದಿರುವುದು ಸಂತೋಷ. ಆದರೆ ಮಲೆನಾಡಿನ ಬಚ್ಚಲಿನ ಹಂಡೆಯೊಲೆಯು ಇನ್ನೂ ಹಸಿಸೌದೆಯಲ್ಲಿ ಹೊಗೆಯಾಡುತ್ತಲೇ ಇರುವುದು. ಶಿರಾಡಿಘಾಟಿನ ದಾರಿಯಲ್ಲಿ ಬೈಕಿನ ಮೇಲೆ ಬಯಲುಗಣ್ಣಿನಿಂದ ಹೋಗುವ ತರುಣನೂ, ಇರುಳೆಲ್ಲ ಲಾರಿ ನಡೆಸುವವನೂ ಈ ಸಾಲಿಗೆ ಸೇರಿದವರೇ.

ಇವೆಲ್ಲಕ್ಕಿಂತಲೂ ಈಚೆಗೆ ಹೆಚ್ಚಿರುವ ಕಾರಣವೊಂದಿದೆ. ಅದು ರೆಪ್ಪೆ ಬಡಿಯುವುದನ್ನು ಮರೆಯುವುದು. ದೇವತೆಗಳಿಗೆ ಅನಿಮಿಷರೆಂದು ಹೆಸರು. ಅವರು ರೆಪ್ಪೆ ಬಡಿಯರಂತೆ. ಮನುಷ್ಯರಾದ ನಾವಾದರೋ ರೆಪ್ಪೆ ಬಡಿದೇ ಕಣ್ಣನ್ನು ಉಳಿಸಿಕೊಳ್ಳಬೇಕಾದವರು. ಸಾಧಾರಣವಾಗಿ ಮಿನಿಟಿಗೆ ೧೫ರಿಂದ ೨೦ ಸಲ ರೆಪ್ಪೆ ಬಡಿಯುವೆವು. ಒಂದೊಂದು ಬಡಿತವೂ ಎಣ್ಣೆಯನ್ನು ಹಿಂಡಿ ನೀರನ್ನು ಹರಡುವುದು. ಮೊಬೈಲು, ಕಂಪ್ಯೂಟರುಗಳ ಪರದೆಯನ್ನು ದಿಟ್ಟಿಸುವಾಗ ಈ ಬಡಿತವು ಅರ್ಧಕ್ಕೂ ಕೆಳಗಿಳಿಯಬಹುದು. ಬಡಿದರೂ ರೆಪ್ಪೆಯು ಪೂರ್ತಿ ಮುಚ್ಚದು. ಬೆಂಗಳೂರಿನ ಹವಾನಿಯಂತ್ರಿತ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಕಣ್ಣುಜ್ಜುತ್ತಿರುವುದಕ್ಕೆ ಇದೇ ಕಾರಣವಿರಬಹುದು. ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಧ್ಯಾನಿಸುವ ಸಾಧಕರಲ್ಲಿ ಯಾರಿಗಾದರೂ ಈ ವ್ಯಾಧಿಯಿದ್ದರೆ, ಗುರುಗಳಲ್ಲಿ ಅರಿಕೆಮಾಡಿಕೊಂಡು ನಡುನಡುವೆ ಕಣ್ಣನ್ನು ಮುಚ್ಚಿ ವಿಶ್ರಮಿಸುವುದು ಲೇಸು.

ವೈದ್ಯರು ಇದನ್ನು ಗುರುತಿಸುವ ಕ್ರಮವು ಸರಳವಾದುದು. ಜರ್ಮನಿಯ ಒಟ್ಟೊ ಶಿರ್ಮರನು ೧೯೦೩ರಲ್ಲಿ ಕಂಡುಕೊಂಡ ಪರೀಕ್ಷೆಯು ಇಂದಿಗೂ ನಡೆಯುತ್ತಿದೆ. ಸಣ್ಣ ಕಾಗದದ ಪಟ್ಟಿಯೊಂದರ ತುದಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ೫ ಮಿನಿಟಿನಲ್ಲಿ ಅದು ಎಷ್ಟು ನೆನೆಯಿತೆಂದು ಅಳೆಯುವರು. ೫ ಮಿಲಿಮೀಟರಿಗೂ ಕಡಿಮೆ ನೆನೆದರೆ ನೀರಿನ ಕೊರತೆ ಬಲವಾಗಿದೆಯೆಂದು ತಿಳಿಯಬೇಕು. ಕಣ್ಣಿಗೆ ಹಳದಿಬಣ್ಣದ ಫ್ಲೋರೆಸೀನನ್ನು ಹಾಕಿ, ನೀಲಿಬೆಳಕಿನಲ್ಲಿ ಪದರವು ಎಷ್ಟು ಹೊತ್ತಿಗೆ ಒಡೆಯುವುದೆಂದು ನೋಡುವುದು ಇನ್ನೊಂದು ವಿಧಾನ. ೧೦ ಸೆಕೆಂಡಿನೊಳಗೆ ಒಡೆದರೆ ಅದು ದುರ್ಬಲವಾದ ಪದರ.

ಈಗ ಉಪಚಾರ. ಮೊದಲನೆಯದು ಶಾಖ. ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕೈಯ ಹಿಂಬದಿಗೆ ಮುಟ್ಟಿಸಿ ಹಿತವೆನಿಸಿದ ಮೇಲೆ, ಮುಚ್ಚಿದ ಕಣ್ಣುಗಳ ಮೇಲೆ ೫ರಿಂದ ೧೦ ಮಿನಿಟು ಇಡತಕ್ಕದ್ದು. ಆರಿದೊಡನೆ ಮತ್ತೆ ಅದ್ದತಕ್ಕದ್ದು. ಗಟ್ಟಿಯಾಗಿ ನಿಂತ ಎಣ್ಣೆಯು ಇದರಿಂದ ಕರಗುವುದು. ಬಳಿಕ ಮೇಲುರೆಪ್ಪೆಯನ್ನು ಕೆಳಮುಖವಾಗಿಯೂ ಕೆಳರೆಪ್ಪೆಯನ್ನು ಮೇಲ್ಮುಖವಾಗಿಯೂ ಬೆರಳಿನಿಂದ ಮೆಲ್ಲನೆ ನೀವಿ, ರೆಪ್ಪೆಯ ಅಂಚನ್ನು ಒದ್ದೆಬಟ್ಟೆಯಿಂದ ಒರಸತಕ್ಕದ್ದು. ಬೆಳಗ್ಗೆ ಸಂಜೆ ಎರಡು ವೇಳೆ ಹೀಗೆ ಮಾಡಿದರೆ ಕೆಲವು ವಾರಗಳಲ್ಲಿ ಗುಣ ಕಾಣುವುದು.

ಎರಡನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಲುರೋನೇಟ್ ಮುಂತಾದ ದ್ರವ್ಯಗಳ ಹನಿಗಳು ದೊರೆಯುತ್ತವೆ. ಕೈತೊಳೆದು, ಸೀಸೆಯ ತುದಿಯನ್ನು ರೆಪ್ಪೆಗೆ ತಾಗಿಸದೆ, ಒಂದೇ ಹನಿ ಹಾಕಿದರೆ ಸಾಕು. ಎರಡನೆಯದು ಹೊರಗೆ ಹರಿದು ವ್ಯರ್ಥವಾಗುವುದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಬೇಕಾದವರು ಕೆಡದಂತೆ ಬೆರೆಸುವ ರಾಸಾಯನಿಕವಿಲ್ಲದ ಹನಿಯನ್ನು ಕೇಳಿ ಪಡೆಯಬೇಕು. ಆ ರಾಸಾಯನಿಕವೇ ಕಣ್ಣಿನ ಮೈಯನ್ನು ಕೆರಳಿಸಬಲ್ಲುದು. ರಾತ್ರಿ ಮಲಗುವಾಗ ಮುಲಾಮು ಹಿತಕರ. ಮೂರನೆಯದು ಅಭ್ಯಾಸ. ಪರದೆಯ ಮುಂದೆ ಕುಳಿತವರು ೨೦ ಮಿನಿಟಿಗೊಮ್ಮೆ ೨೦ ಅಡಿ ದೂರದ ವಸ್ತುವನ್ನು ೨೦ ಸೆಕೆಂಡು ನೋಡಿ, ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಬೇಕು. ಗಾಳಿಗೆ ಹೊರಡುವವರು ಕನ್ನಡಕ ಧರಿಸಬೇಕು. ಹಂಡೆಯೊಲೆಗೆ ಒಣಸೌದೆಯನ್ನೇ ಬಳಸಿ, ಹೊಗೆ ಹೊರಹೋಗಲು ದಾರಿಮಾಡಬೇಕು. ಬೀಡಿ ಸಿಗರೇಟುಗಳನ್ನು ಬಿಡಬೇಕು.

ಮೀನೆಣ್ಣೆಯ ಗುಳಿಗೆಗಳನ್ನು ಹೊಗಳುವವರುಂಟು. ಆದರೆ ಅಮೆರಿಕದಲ್ಲಿ ೫೩೫ ರೋಗಿಗಳ ಮೇಲೆ ಒಂದು ವರ್ಷ ನಡೆದು ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅವು ಆಲಿವ್ ಎಣ್ಣೆಯ ಗುಳಿಗೆಗಳಿಗಿಂತ ಹೆಚ್ಚಿನ ಗುಣವನ್ನು ತೋರಿಸಲಿಲ್ಲ. ಅದಕ್ಕಾಗಿ ಹಣವನ್ನು ವ್ಯಯಮಾಡಬೇಕಾದುದಿಲ್ಲ. ಮಕ್ಕಳ ವಿಷಯವು ಬೇರೆ. ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬಂದು, ಕಣ್ಣು ಒಣಗಿ, ಕಡೆಗೆ ದೃಷ್ಟಿಯೇ ಹೋಗುವುದುಂಟು. ಇದನ್ನು ತಡೆಯಲು ಭಾರತ ಸರಕಾರವು ೧೯೭೦ರಲ್ಲಿ ಕಾರ್ಯಕ್ರಮವನ್ನು ಆರಂಭಿಸಿತು. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಕೊಡುವ ಆ ದ್ರಾವಣವನ್ನು ತಾಯಂದಿರು ತಪ್ಪಿಸಬಾರದು. ನುಗ್ಗೆಸೊಪ್ಪು, ಹರಿವೆಸೊಪ್ಪು, ಪರಂಗಿಹಣ್ಣುಗಳನ್ನು ಮಕ್ಕಳಿಗೆ ಧಾರಾಳವಾಗಿ ಕೊಡಬೇಕು.

ಮಾಡಬಾರದುದನ್ನು ಈಗ ಒತ್ತಿ ಹೇಳುವೆನು. ಏಕೆಂದರೆ ಒಣಗಣ್ಣಿನಿಂದ ಕುರುಡಾಗುವವರು ವಿರಳ, ಅದಕ್ಕೆ ಮಾಡಿಕೊಂಡ ತಪ್ಪುಮದ್ದಿನಿಂದ ಕುರುಡಾಗುವ ಭಯವೇ ದೊಡ್ಡದು. ಸೊಪ್ಪಿನ ರಸ, ಜೇನುತುಪ್ಪ, ಎದೆಹಾಲು ಇವುಗಳನ್ನು ಕಣ್ಣಿಗೆ ಬಿಡಬಾರದು. ಒಣಗಿ ಬಿರಿದ ಕಣ್ಣಿನೊಳಕ್ಕೆ ಸೋಂಕು ಸುಲಭವಾಗಿ ಹೊಗುವುದು. ಅದಕ್ಕಿಂತ ಅಪಾಯಕರವಾದುದು, ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡ ಸ್ಟೀರಾಯ್ಡ್ ಹನಿ. ಅದನ್ನು ಹಾಕಿದೊಡನೆ ಕೆಂಪು ಇಳಿದು ಹಾಯೆನಿಸುವುದು. ಆದುದರಿಂದಲೇ ಮತ್ತೆ ಮತ್ತೆ ಕೊಳ್ಳುವರು. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡವು ಗುಟ್ಟಾಗಿ ಏರಿ, ದೃಷ್ಟಿಯ ನರವು ಸಾಯುವುದು. ಪೊರೆಯೂ ಬೇಗ ಬರುವುದು. ಸತ್ತ ನರವು ಮತ್ತೆ ಚಿಗುರದು. ನೆರೆಮನೆಯವರ ಸೀಸೆಯೂ ಹಳೆಯ ಸೀಸೆಯೂ ವರ್ಜ್ಯ.

ಕಣ್ಣು ತೀವ್ರವಾಗಿ ನೊಂದರೆ, ಬೆಳಕನ್ನು ಸಹಿಸದಿದ್ದರೆ, ನೋಟ ಕುಂದಿದರೆ, ಕೀವು ಬಂದರೆ, ತೋಟದಲ್ಲಿ ಕಡ್ಡಿಯೋ ಎಲೆಯೋ ತಾಗಿದ ಮೇಲೆ ಕಣ್ಣು ಕೆಂಪಾದರೆ ಅದೇ ದಿನ ವೈದ್ಯರ ಬಳಿಗೆ ಹೋಗತಕ್ಕದ್ದು. ಕಣ್ಣಿನೊಡನೆ ಬಾಯಿಯೂ ಒಣಗಿ, ಕೀಲುಗಳು ನೋಯುತ್ತಿದ್ದರೆ, ಸ್ವೀಡನ್ನಿನ ಹೆನ್ರಿಕ್ ಶೋಗ್ರೆನನು ೧೯೩೩ರಲ್ಲಿ ವಿವರಿಸಿದ ವ್ಯಾಧಿಯಿರಬಹುದು. ಅದರಲ್ಲಿ ದೇಹದ ರಕ್ಷಣಾಶಕ್ತಿಯೇ ತನ್ನ ಗ್ರಂಥಿಗಳ ಮೇಲೆ ತಿರುಗಿಬೀಳುವುದು. ಇಂಥವರು ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗಾಗಲಿ ಹೋಗುವುದು ಒಳ್ಳೆಯದು. ಸೈಕ್ಲೋಸ್ಪೋರಿನ್ ಹನಿ, ಕಣ್ಣೀರು ಇಳಿದುಹೋಗುವ ರಂಧ್ರವನ್ನು ಮುಚ್ಚುವ ಸಣ್ಣ ಬಿರಡೆ, ರೋಗಿಯ ರಕ್ತದಿಂದಲೇ ಸಿದ್ಧಪಡಿಸಿದ ಹನಿ ಮುಂತಾದ ಉಪಾಯಗಳು ಈಗ ಇವೆ.

ಮಹನೀಯರೇ, ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು (೧೯೧೬–೨೦೦೫) ಊರೂರು ತಿರುಗಿ, ನೇತ್ರಶಿಬಿರಗಳನ್ನು ನಡೆಸಿ, ಲಕ್ಷಾಂತರ ಬಡವರ ಪೊರೆ ತೆಗೆದು ಬೆಳಕು ಕೊಟ್ಟರು. ಆ ಪುಣ್ಯಕಾರ್ಯವನ್ನು ಕಂಡ ನಮ್ಮ ಜನರಲ್ಲಿ, ಕಣ್ಣಿನ ಕಾಯಿಲೆಯೆಂದರೆ ಒಂದು ದಿನ ಶಿಬಿರಕ್ಕೆ ಹೋಗಿ ಗುಣವಾಗಿ ಬರುವುದೆಂಬ ನಂಬಿಕೆಯು ಬೇರೂರಿದೆ. ಪೊರೆಯ ವಿಷಯದಲ್ಲಿ ಅದು ಸರಿ. ಒಣಗಣ್ಣಾದರೋ ಶಸ್ತ್ರದಿಂದ ಒಂದು ದಿನದಲ್ಲಿ ಕಳೆಯತಕ್ಕ ವ್ಯಾಧಿಯಲ್ಲ. ಪ್ರತಿದಿನವೂ ಸಾಕಿ ಸಲಹಬೇಕಾದುದು. ನಾಲ್ಕು ದಿನ ಶಾಖ ಕೊಟ್ಟು ಗುಣವಾಗಲಿಲ್ಲವೆಂದು ಬಿಟ್ಟವನು ಐದನೆಯ ದಿನ ಸ್ಟೀರಾಯ್ಡ್ ಸೀಸೆಯನ್ನು ಹುಡುಕಿಕೊಂಡು ಹೋಗುವನು. ಕೇಡು ಅಲ್ಲಿಯೇ ಮೊದಲಾಗುವುದು. ದಿನವೂ ಸ್ನಾನಪೂಜೆಗಳನ್ನು ಬಿಡದೆ ನಡೆಸುವ ತಮಗೆ ನಿತ್ಯನೇಮವೆಂದರೇನೆಂದು ನಾನು ಹೇಳಬೇಕಾದುದಿಲ್ಲ. ಆ ನೇಮದಲ್ಲಿ ಹತ್ತು ಮಿನಿಟನ್ನು ಕಣ್ಣಿಗೂ ಮೀಸಲಿಡಬೇಕೆಂದೂ, ಮನೆಯಲ್ಲಿ ಕಣ್ಣುರಿಯೆಂದು ಹೇಳುವ ಹಿರಿಯರ ಮಾತನ್ನು ಹಗುರಾಗಿ ತಳ್ಳಿಹಾಕಬಾರದೆಂದೂ ಪ್ರಾರ್ಥಿಸುವೆನು.